ಸೆಟಲ್ ಮಾಡಿದ ಕಾರ್ಡು, ಸಂಬಂಧಿಕರ ಜಾಮೀನು, ಕುಸಿದ ಸಿಬಿಲ್: ಕೈಯಲ್ಲಿರುವ ಹಣವನ್ನು ಮೊದಲು ಎಲ್ಲಿ ಕಟ್ಟಬೇಕು?

ಪ್ರಶ್ನೆ: ಬನಹಟ್ಟಿಯಲ್ಲಿ ನನಗೆ ಆರು ವಿದ್ಯುತ್ ಮಗ್ಗಗಳಿವೆ. ಇನ್ನೆರಡು ಹೊಸ ಮಗ್ಗ ಹಾಕಿಸಲು ಒಂಬತ್ತು ಲಕ್ಷ ರೂಪಾಯಿ ಸಾಲ ಕೇಳಿದಾಗ, ಸಿಬಿಲ್ (ಸಾಲ ತೀರಿಸಿದ ಇತಿಹಾಸ ತೋರಿಸುವ ಅಂಕಿ) 591 ಇದೆಯೆಂದು ಬ್ಯಾಂಕಿನವರು ಅರ್ಜಿ ಮರಳಿಸಿದರು. ಆಮೇಲೆ ಮೊಬೈಲ್ ಆಪ್‌ಗಳ ಮೂಲಕ ಏಳೆಂಟು ಕಡೆ ಅರ್ಜಿ ಹಾಕಿದೆ, ಎಲ್ಲಿಯೂ ಆಗಲಿಲ್ಲ. ವರದಿ ತೆಗೆಸಿದರೆ ಮೂರು ತೊಡಕುಗಳು ಕಾಣುತ್ತಿವೆ. 2021ರಲ್ಲಿ 86,000 ರೂಪಾಯಿ ಬಾಕಿಯಿದ್ದ ಕ್ರೆಡಿಟ್ ಕಾರ್ಡನ್ನು 35,000 ರೂಪಾಯಿಗೆ ಮುಗಿಸಿಕೊಂಡಿದ್ದೆ. ಅದರ ಮುಂದೆ 'ಸೆಟಲ್ಡ್' ಎಂದಿದೆ. 2022ರಲ್ಲಿ ಪೂರ್ತಿ ತೀರಿಸಿ ಎನ್‌ಒಸಿ (ಬಾಕಿಯಿಲ್ಲ ಎಂಬ ಪತ್ರ) ಪಡೆದ ಬೈಕ್ ಸಾಲದಲ್ಲಿ ಇನ್ನೂ 1,140 ರೂಪಾಯಿ ಬಾಕಿ ತೋರಿಸುತ್ತಿದೆ. ಜಮಖಂಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಅಕ್ಕನ ಗಂಡನಿಗೆ ಒಂದು ಅರ್ಬನ್ ಸಹಕಾರಿ ಬ್ಯಾಂಕಿನಲ್ಲಿ ನಾಲ್ಕು ಲಕ್ಷದ ಸಾಲಕ್ಕೆ ಜಾಮೀನು ಹಾಕಿದ್ದೆ. ತಿಂಗಳಿಗೆ 9,000 ರೂಪಾಯಿಯ ಕಂತನ್ನು ಅವರು ಐದು ತಿಂಗಳಿಂದ ಕಟ್ಟಿಲ್ಲ. ಕಾರ್ಡಿನ ಬಾಕಿ ಮೂರು ವರ್ಷ ದಾಟಿದ್ದರಿಂದ ಸತ್ತುಹೋಗಿದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. 18,000 ರೂಪಾಯಿ ಕೊಟ್ಟರೆ ಒಂದೇ ತಿಂಗಳಲ್ಲಿ ಸಿಬಿಲ್ 750 ಮಾಡಿಸಿಕೊಡುವುದಾಗಿ ವಿಜಯಪುರದ ಏಜೆಂಟರೊಬ್ಬರು ಹೇಳಿದ್ದಾರೆ. ನಮ್ಮೂರ ಪತ್ತಿನ ಸಂಘದಲ್ಲಿ ಹತ್ತು ವರ್ಷದಿಂದ ನಾನು ಒಂದು ಕಂತನ್ನೂ ತಪ್ಪಿಸಿಲ್ಲ. ಅದಕ್ಕೆ ಬೆಲೆಯೇ ಇಲ್ಲವೇ? ಕೈಯಲ್ಲಿ 1,20,000 ರೂಪಾಯಿ ಇದೆ. ಏನು ಮಾಡಬೇಕು? ಅಥವಾ ಮಗನ ಹೆಸರಿನಲ್ಲಿ ಸಾಲ ತೆಗೆಯುವುದೇ ಒಳ್ಳೆಯದೇ?

ಉತ್ತರ: ಮೊದಲು ಏಜೆಂಟರ ಮಾತನ್ನು ಮುಗಿಸಿಬಿಡೋಣ. ಅವರಿಗೆ ಹಣವನ್ನೂ ಕೊಡಬೇಡಿ, ಪ್ಯಾನ್, ಆಧಾರ್ ಮತ್ತು ಓಟಿಪಿಗಳನ್ನೂ ಕೊಡಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು 2005ರ ಕಾಯ್ದೆಯ ಅಡಿಯಲ್ಲಿ, ಸಾಲ ಕೊಟ್ಟವರು ಕಳಿಸುವ ಮಾಹಿತಿಯನ್ನು ಸಂಗ್ರಹಿಸಿ ಇಡುತ್ತವೆ. ಸಾಲ ಕೊಟ್ಟ ಬ್ಯಾಂಕು ಒಪ್ಪಿ ಹೊಸ ಮಾಹಿತಿ ಕಳಿಸದ ಹೊರತು ಒಂದು ಅಂಕಿಯನ್ನೂ ಅವು ತಾವಾಗಿ ಬದಲಿಸುವುದಿಲ್ಲ. ಒಳಗಿನವರ ಪರಿಚಯವಿದೆ ಎನ್ನುವ ಏಜೆಂಟರು ಸಾಮಾನ್ಯವಾಗಿ ಮಾಡುವುದು ಇಷ್ಟೇ: ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಸರಿಯಿರುವ ಮತ್ತು ತಪ್ಪಿರುವ ಎಲ್ಲ ಖಾತೆಗಳ ಮೇಲೂ ತಕರಾರು ದಾಖಲಿಸುತ್ತಾರೆ. ವಿಚಾರಣೆ ನಡೆಯುವಷ್ಟು ದಿನ ಆ ಖಾತೆಗಳ ಮುಂದೆ ತಕರಾರಿನ ಗುರುತು ಬೀಳುತ್ತದೆ, ಬ್ಯಾಂಕು 'ನಮ್ಮ ಲೆಕ್ಕ ಸರಿಯಿದೆ' ಎಂದೊಡನೆ ಮೊದಲಿನ ಸ್ಥಿತಿಯೇ ಉಳಿಯುತ್ತದೆ. ತಕರಾರು ದಾಖಲಿಸುವುದು ಉಚಿತ, ಅದನ್ನು ನೀವೇ ಮಾಡಬಹುದು. ಆ 18,000 ರೂಪಾಯಿಗೆ ನಿಮ್ಮ ವಿಷಯದಲ್ಲಿ ಬಹಳ ಒಳ್ಳೆಯ ಉಪಯೋಗವಿದೆ, ಅದನ್ನು ಮುಂದೆ ಹೇಳುತ್ತೇನೆ.

591 ಎಂಬ ಅಂಕಿಯನ್ನು ನೇರವಾಗಿ ರಿಪೇರಿ ಮಾಡಲು ಬರುವುದಿಲ್ಲ. 300ರಿಂದ 900ರವರೆಗಿನ ಆ ಅಂಕಿ, ಅದರ ಹಿಂದಿರುವ ಖಾತೆಗಳ ಲೆಕ್ಕ ಮಾತ್ರ. ಆದ್ದರಿಂದ ವರದಿಯ ಪ್ರತಿಯೊಂದು ನಮೂದನ್ನೂ ಬೇರೆಬೇರೆಯಾಗಿ ನೋಡಿ, ಯಾವುದು ತಪ್ಪು ಮಾಹಿತಿ, ಯಾವುದು ಕಹಿಯಾದರೂ ನಿಜವಾದ ಮಾಹಿತಿ ಎಂದು ವಿಂಗಡಿಸಿಕೊಳ್ಳಬೇಕು. ತಪ್ಪಿದ್ದರೆ ತಕರಾರು ದಾಖಲಿಸಬೇಕು, ನಿಜವಿದ್ದರೆ ಹಣ ಕಟ್ಟಬೇಕು. ಈ ಎರಡನ್ನು ಅದಲುಬದಲು ಮಾಡಿಕೊಂಡವರೇ ಏಜೆಂಟರ ಕೈಗೆ ಸಿಗುತ್ತಾರೆ. ನಿಮ್ಮ ಮೂರು ತೊಡಕುಗಳಲ್ಲಿ ಬೈಕ್ ಸಾಲವೊಂದೇ ತಪ್ಪು ಮಾಹಿತಿ. ಕಾರ್ಡು ಮತ್ತು ಜಾಮೀನು ಎರಡೂ ನಿಜ.

ಇವುಗಳಲ್ಲಿ ನಿಮಗೆ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಜಾಮೀನು, ಮತ್ತು ನಿಮ್ಮ ಹಣ ಮೊದಲು ಹೋಗಬೇಕಾದ್ದೂ ಅಲ್ಲಿಗೇ. ಹಳೆಯ ಕಾರ್ಡಿನ ವ್ಯವಹಾರ 2021ರಲ್ಲೇ ನಿಂತುಹೋಗಿದೆ. ಅದು ಕಲೆಯಾದರೂ ಹೊಸದಾಗಿ ಬೆಳೆಯುತ್ತಿಲ್ಲ. ಜಾಮೀನಿನ ಸಾಲ ಹಾಗಲ್ಲ. ಅದು ಇಂದಿಗೂ ಬಾಕಿಯಾಗುತ್ತಲೇ ಇದೆ, ಮತ್ತು 2025ರ ಜನವರಿ 1ರಿಂದ ಸಾಲದ ಮಾಹಿತಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸುವ ನಿಯಮ ಬಂದಿರುವುದರಿಂದ ಪ್ರತಿ ಪಕ್ಷಕ್ಕೂ ನಿಮ್ಮ ವರದಿಯಲ್ಲಿ ವಿಳಂಬದ ದಿನಗಳು ಏರುತ್ತಿವೆ. ಜಾಮೀನು ಎಂದರೆ ಸಾಕ್ಷಿ ಸಹಿ ಇದ್ದ ಹಾಗೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಸಂಬಂಧಿಕರು ಕೇಳಿದಾಗ ಇಲ್ಲವೆನ್ನಲಾಗದೆ ಹಾಕಿದ ಸಹಿಗಳೇ ಹೆಚ್ಚು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದ ಹೊರತು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬ್ಯಾಂಕು ಮೊದಲು ನಿಮ್ಮ ಅಕ್ಕನ ಗಂಡನ ಬೆನ್ನು ಹತ್ತಬೇಕೆಂದೇನೂ ಇಲ್ಲ. ಆ ಬ್ಯಾಂಕು ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿತವಾಗಿದ್ದರೆ, 70ನೇ ಕಲಮಿನ ಅಡಿ ಸಹಕಾರ ಇಲಾಖೆಯ ಅಧಿಕಾರಿಗಳ ಮುಂದೆ ದಾವೆ ಹೂಡುವಾಗ ನಿಮ್ಮನ್ನೂ ಪ್ರತಿವಾದಿಯಾಗಿ ಸೇರಿಸುತ್ತದೆ.

ಐದು ತಿಂಗಳು ಕಂತು ನಿಂತಿದೆ ಎಂದರೆ 90 ದಿನ ದಾಟಿದೆ. ಆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಈಗ ಒಂದು ಕಂತು, ಮುಂದಿನ ತಿಂಗಳು ಇನ್ನೊಂದು ಕಂತು ಕಟ್ಟುತ್ತಾ ಬಂದರೆ ಸರಿಹೋಗುತ್ತದೆ ಎಂದು ತಿಳಿಯುತ್ತಾರೆ. ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿರುವಂತೆ, ಒಮ್ಮೆ ಎನ್‌ಪಿಎ ಆದ ಖಾತೆ ಸುಸ್ಥಿತಿಗೆ ಮರಳಬೇಕಾದರೆ ಬಾಕಿ ಬಿದ್ದ ಅಸಲು ಮತ್ತು ಬಡ್ಡಿ ಪೂರ್ತಿ ಸಂದಾಯವಾಗಬೇಕು. ಈ ನಿಯಮ ಅರ್ಬನ್ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಐದು ಕಂತುಗಳ 45,000 ರೂಪಾಯಿಯನ್ನೂ ಅದರ ಮೇಲಿನ ದಂಡದ ಶುಲ್ಕವನ್ನೂ ಒಂದೇ ಬಾರಿಗೆ ಕಟ್ಟಬೇಕು. ಬ್ಯಾಂಕಿಗೆ ಹೋಗಿ ಆ ದಿನದವರೆಗಿನ ಬಾಕಿಯ ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಿರಿ. ದಂಡದ ಶುಲ್ಕದಲ್ಲಿ ಸ್ವಲ್ಪ ರಿಯಾಯಿತಿ ಕೇಳುವುದಕ್ಕೆ ಸಂಕೋಚ ಬೇಡ, ಶಾಖೆಯ ಮಟ್ಟದಲ್ಲಿ ಇಂಥ ಮಾತುಕತೆ ನಡೆಯುತ್ತಲೇ ಇರುತ್ತದೆ; ಆದರೆ ಅಸಲು ಮತ್ತು ಬಡ್ಡಿಯಲ್ಲಿ ರಿಯಾಯಿತಿ ಕೇಳಿದರೆ ಅದೂ ಸೆಟಲ್‌ಮೆಂಟ್ ಎಂದೇ ದಾಖಲಾಗಿ, ನಿಮ್ಮ ವರದಿಯಲ್ಲಿ ಎರಡನೆಯ ಕಲೆ ಬೀಳುತ್ತದೆ.

ಕಟ್ಟುವಾಗ ಅಕ್ಕನ ಗಂಡನ ಕೈಗೆ ನಗದು ಕೊಟ್ಟು ಅವರಿಂದ ಕಟ್ಟಿಸಬೇಡಿ. ನಿಮ್ಮ ಸ್ವಂತ ಖಾತೆಯಿಂದಲೇ ಆ ಸಾಲದ ಖಾತೆಗೆ ವರ್ಗಾಯಿಸಿ, ಜಾಮೀನುದಾರನಾಗಿ ಕಟ್ಟಿದ ಹಣ ಎಂದು ಬ್ಯಾಂಕಿನಿಂದ ಬರೆಸಿಕೊಳ್ಳಿ. ಇದು ಬರೀ ಶಿಸ್ತಿನ ಮಾತಲ್ಲ. ಕರಾರು ಕಾಯ್ದೆಯ 145ನೇ ಕಲಮಿನಂತೆ, ಜಾಮೀನುದಾರ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸು ಪಡೆಯುವ ಹಕ್ಕು ಅವನಿಗಿದೆ. ಸಾಲವನ್ನು ಪೂರ್ತಿ ತೀರಿಸಿದರೆ, 140ನೇ ಕಲಮಿನಂತೆ, ಸಾಲಗಾರನ ಮೇಲೆ ಬ್ಯಾಂಕಿಗಿದ್ದ ಹಕ್ಕುಗಳೇ ಅವನಿಗೆ ಬರುತ್ತವೆ. ಅಕ್ಕನ ಮನೆಯ ಮೇಲೆ ಕೋರ್ಟಿಗೆ ಹೋಗುವವರು ಕಡಿಮೆ, ಹೋಗಿ ಎಂದು ನಾನೂ ಹೇಳುವುದಿಲ್ಲ. ಆದರೂ ಇಬ್ಬರೂ ಸಹಿ ಮಾಡಿದ ಒಂದು ಕಾಗದ, ಇಷ್ಟು ಹಣ ನಾನು ಕಟ್ಟಿದ್ದೇನೆ, ಇಂತಿಷ್ಟು ತಿಂಗಳಲ್ಲಿ ವಾಪಸು ಬರಬೇಕು ಎಂದು ಇದ್ದರೆ, ನಾಳೆ ಮಾತು ಬದಲಾಗುವುದಿಲ್ಲ, ಸಂಬಂಧವೂ ಉಳಿಯುತ್ತದೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಮುಂದಿನ ತಿಂಗಳದ್ದು. ನೀವು ಇಂದು 45,000 ಕಟ್ಟಿ, ಅವರು ಮತ್ತೆ ಕಂತು ನಿಲ್ಲಿಸಿದರೆ ನಿಮ್ಮ ಹಣವೂ ಹೋಯಿತು, ವರದಿಯೂ ಮತ್ತೆ ಕೆಟ್ಟಿತು. ಆದ್ದರಿಂದ ಹಣ ಕಟ್ಟುವ ಮುನ್ನ ಅಂಗಡಿಯ ವ್ಯಾಪಾರ 9,000 ರೂಪಾಯಿಯ ಕಂತನ್ನು ತಾಳುತ್ತದೆಯೇ ಎಂಬುದನ್ನು ಅವರೊಂದಿಗೆ ಕುಳಿತು ನೇರವಾಗಿ ಕೇಳಿ. ತಾಳುವುದಾದರೆ ದಿನಕ್ಕೆ 300 ರೂಪಾಯಿಯಂತೆ ಪಿಗ್ಮಿ ಕಟ್ಟಿಸಿ. ಕಿರಾಣಿ ಅಂಗಡಿಯ ದಿನದ ಗಲ್ಲಾದಿಂದ 300 ಎತ್ತಿಡುವುದು ಸುಲಭ, ತಿಂಗಳ ಕೊನೆಗೆ 9,000 ಹೊಂದಿಸುವುದು ಕಷ್ಟ. ತಾಳದು ಎಂದಾದರೆ ಅವಧಿ ಹೆಚ್ಚಿಸಿ ಕಂತು ತಗ್ಗಿಸಲು ಅವರೇ ಬ್ಯಾಂಕಿಗೆ ಅರ್ಜಿ ಕೊಡಬೇಕಾಗುತ್ತದೆ. ಅದು ಪುನರ್‌ರಚಿತ ಸಾಲ ಎಂದು ವರದಿಯಲ್ಲಿ ನಮೂದಾಗಬಹುದು, ಆದರೂ ನಡೆಯದ ಕಂತಿಗಿಂತ ನಡೆಯುವ ಕಂತು ಮೇಲು. 'ಇನ್ನು ಮುಂದೆ ನನ್ನ ಜಾಮೀನು ಇಲ್ಲ' ಎಂದು ಬ್ಯಾಂಕಿಗೆ ಪತ್ರ ಬರೆದರೆ ಬಿಡುಗಡೆ ಸಿಗುವುದಿಲ್ಲ. ಬೇರೆ ಜಾಮೀನುದಾರರನ್ನೋ ಆಸ್ತಿಯ ಅಡಮಾನವನ್ನೋ ಕೊಟ್ಟು, ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮಾತ್ರ ಹೊರಬರಬಹುದು.

ಇನ್ನು ಕಾರ್ಡು. ಬ್ಯಾಂಕು ಬಿಟ್ಟುಕೊಟ್ಟ ಹಣ 51,000 ರೂಪಾಯಿ. 'ಸೆಟಲ್ಡ್' ಎಂದರೆ ಪೂರ್ತಿ ಹಣ ಬರಲಿಲ್ಲ, ಬಂದಷ್ಟಕ್ಕೆ ಬ್ಯಾಂಕು ಕೈಬಿಟ್ಟಿತು ಎಂದು ಮುಂದಿನ ಬ್ಯಾಂಕು ಓದುತ್ತದೆ. ಆ ದಿನ ನಿಮಗೆ ಇದನ್ನು ಯಾರೂ ಹೇಳಿರಲಾರರು. ವಸೂಲಿಗೆ ಬಂದವರಿಗೆ ಅದು ಬೇಕಾಗಿಯೂ ಇರುವುದಿಲ್ಲ. ಮೂರು ವರ್ಷ ದಾಟಿ ಸಾಲ ಸತ್ತಿತು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾಲಮಿತಿ ಕಾಯ್ದೆಯ ಆ ಮೂರು ವರ್ಷ ಬ್ಯಾಂಕು ಕೋರ್ಟಿಗೆ ಹೋಗುವುದಕ್ಕೆ ಸಂಬಂಧಿಸಿದ್ದು, ವರದಿಯಲ್ಲಿನ ನಮೂದಿಗೆ ಅಲ್ಲ. ಏಳು ವರ್ಷಕ್ಕೆ ಎಲ್ಲವೂ ತಾನಾಗಿ ಅಳಿಸಿಹೋಗುತ್ತದೆ ಎಂಬುದೂ ಇಂಥದೇ ಮಾತು: ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಡಬೇಕು ಎಂದು ನಿಯಮ ಹೇಳುತ್ತದೆ, ಏಳು ವರ್ಷಕ್ಕೆ ಅಳಿಸಲೇಬೇಕು ಎಂದಲ್ಲ.

ಕಾರ್ಡು ಕೊಟ್ಟ ಬ್ಯಾಂಕಿಗೆ ಪತ್ರ ಅಥವಾ ಇ–ಮೇಲ್ ಬರೆದು, ಅಂದು ಬಿಟ್ಟುಕೊಟ್ಟ ಮೊತ್ತವನ್ನು ಈಗ ಕಟ್ಟಲು ಸಿದ್ಧನಿದ್ದೇನೆ, ಕಟ್ಟಿದ ಮೇಲೆ ಖಾತೆಯನ್ನು 'ಕ್ಲೋಸ್ಡ್' ಎಂದು ನಾಲ್ಕೂ ಸಂಸ್ಥೆಗಳಿಗೆ ವರದಿ ಮಾಡುವುದಾಗಿ ಮೊದಲೇ ಲಿಖಿತವಾಗಿ ತಿಳಿಸಿ ಎಂದು ಕೇಳಿ. ಆ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬ್ಯಾಂಕು ಆ ಬಾಕಿಯನ್ನು ಆಸ್ತಿ ಪುನರ್‌ರಚನಾ ಕಂಪನಿಗೆ (ಬ್ಯಾಂಕುಗಳ ಕೆಟ್ಟ ಸಾಲಗಳನ್ನು ಕೊಳ್ಳುವ ಕಂಪನಿಗೆ) ಮಾರಿದ್ದರೆ ಪತ್ರವನ್ನೂ ಹಣವನ್ನೂ ಆ ಕಂಪನಿಯೊಂದಿಗೇ ವ್ಯವಹರಿಸಬೇಕು. ವರದಿಯಲ್ಲಿ ಖಾತೆಯ ಮುಂದೆ ಈಗ ಯಾರ ಹೆಸರಿದೆ ಎಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಇಷ್ಟು ವರ್ಷದ ಬಡ್ಡಿ ಸೇರಿಸಿ ದೊಡ್ಡ ಮೊತ್ತ ಹೇಳಿದರೆ ಗಾಬರಿಯಾಗಬೇಡಿ. ಬಿಟ್ಟುಕೊಟ್ಟದ್ದು 51,000 ಎಂಬುದಕ್ಕೆ 2021ರ ಸೆಟಲ್‌ಮೆಂಟ್ ಪತ್ರವೇ ಆಧಾರ, ಅದನ್ನು ಹುಡುಕಿ ಇಟ್ಟುಕೊಳ್ಳಿ. ಹಣವನ್ನು ಬ್ಯಾಂಕು ಹೇಳಿದ ಖಾತೆಗೇ ವರ್ಗಾಯಿಸಿ, ವರ್ಗಾವಣೆಯ ಸಂಖ್ಯೆಯನ್ನು ಬರೆದಿಡಿ, ವಸೂಲಿ ಏಜೆಂಟರಿಗೆ ನಗದು ಕೊಡುವ ಮಾತೇ ಬೇಡ. ಕಟ್ಟಿದ ಮೇಲೆ ಹಳೆಯ ವಿಳಂಬದ ಗುರುತುಗಳೆಲ್ಲ ಮಾಯವಾಗುವುದಿಲ್ಲ, ಆದರೆ ಬಾಕಿ ಉಳಿಸಿಕೊಂಡವರು ಎಂಬ ನಮೂದು ಹೋಗಿ, ತಡವಾಗಿ ಆದರೂ ತೀರಿಸಿದವರು ಎಂದಾಗುತ್ತದೆ. ಮಗ್ಗದ ಸಾಲದ ಅರ್ಜಿ ನೋಡುವ ಅಧಿಕಾರಿಗೆ ಈ ವ್ಯತ್ಯಾಸ ಅಂಕಿಗಿಂತ ಮುಖ್ಯವಾಗಬಹುದು.

ಬೈಕ್ ಸಾಲದ 1,140 ರೂಪಾಯಿಯನ್ನು ಕಟ್ಟಿ ಕೈತೊಳೆದುಕೊಳ್ಳುವ ಆಸೆ ಬರುತ್ತದೆ, ಕಟ್ಟಬೇಡಿ. ಕಟ್ಟಿದರೆ ಇಷ್ಟು ವರ್ಷ ಬಾಕಿ ಇದ್ದದ್ದು ನಿಜವೆಂದು ನೀವೇ ಒಪ್ಪಿದಂತಾಗುತ್ತದೆ. ಎನ್‌ಒಸಿಯ ಪ್ರತಿಯೊಂದಿಗೆ ಸಾಲ ಕೊಟ್ಟ ಕಂಪನಿಗೂ ಸಿಬಿಲ್ ಮತ್ತಿತರ ಸಂಸ್ಥೆಗಳಿಗೂ ತಕರಾರು ಸಲ್ಲಿಸಿ, ದೂರಿನ ಸಂಖ್ಯೆ ಪಡೆಯಿರಿ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದಂತೆ ದೂರು 30 ದಿನದೊಳಗೆ ಇತ್ಯರ್ಥವಾಗಬೇಕು. ಆಗದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಸಾಲ ಕೊಟ್ಟವರು 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸದಿದ್ದರೆ ಆ ಪರಿಹಾರ ಅವರ ಮೇಲೆ, ಅವರು ಕಳಿಸಿದ ಮೇಲೂ ತಿದ್ದದಿದ್ದರೆ ವರದಿ ಸಂಸ್ಥೆಯ ಮೇಲೆ ಬೀಳುತ್ತದೆ. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ದೂರು ಕೊಡಬಹುದು. ವರದಿ ಸಂಸ್ಥೆಗಳೂ 2022ರ ಸೆಪ್ಟೆಂಬರ್‌ನಿಂದ ಆ ವ್ಯವಸ್ಥೆಯ ವ್ಯಾಪ್ತಿಯಲ್ಲಿವೆ. ವಕೀಲರ ನೋಟಿಸಿನ ಅಗತ್ಯ ಈ ಹಂತದಲ್ಲಿ ಇಲ್ಲ.

ನೀವು ನೋಡಿರುವುದು ಒಂದು ಸಂಸ್ಥೆಯ ವರದಿ ಮಾತ್ರ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ, ನಾಲ್ಕನ್ನೂ ತೆಗೆಸಿ. ನಿಮ್ಮ ವರದಿಯನ್ನು ನೀವೇ ನೋಡುವುದರಿಂದ ಅಂಕಿ ಇಳಿಯುವುದಿಲ್ಲ. ಇಳಿಸುವುದು ಸಾಲಕ್ಕಾಗಿ ಹಾಕಿದ ಅರ್ಜಿಗಳು. ಆ ಏಳೆಂಟು ಆಪ್‌ಗಳ ವಿಚಾರಣೆಯೂ ನಿಮ್ಮ ವರದಿಯಲ್ಲಿ ದಾಖಲಾಗಿದೆ, ಹಣಕ್ಕಾಗಿ ಮನೆಮನೆ ಅಲೆದವರನ್ನು ಸಾಹುಕಾರರು ನೋಡುವಂತೆಯೇ ಬ್ಯಾಂಕುಗಳೂ ಅದನ್ನು ನೋಡುತ್ತವೆ. ಇದಕ್ಕೆ ಔಷಧವಿಲ್ಲ, ಕಾಲ ಕಳೆದಂತೆ ಅದರ ತೂಕ ಕಡಿಮೆಯಾಗುತ್ತದೆ. ಹೊಸ ಅರ್ಜಿ ಹಾಕದಿರುವುದಷ್ಟೇ ನಿಮ್ಮ ಕೈಯಲ್ಲಿದೆ. ಮನೆಯವರು ಮಹಿಳಾ ಗುಂಪಿನಲ್ಲಿ ಮೈಕ್ರೋಫೈನಾನ್ಸ್ ಸಾಲ ತೆಗೆದಿದ್ದರೆ ಅವರ ವರದಿಯನ್ನೂ ಒಮ್ಮೆ ನೋಡಿಬಿಡಿ. ಮುಂದೆ ಅವರು ಸಹ–ಸಾಲಗಾರರಾಗಿ ಸಹಿ ಹಾಕಬೇಕಾದಾಗ ಹೊಸ ಸಂಗತಿ ಹೊರಬರುವುದು ಬೇಡ.

ಪತ್ತಿನ ಸಂಘದ ಬಗ್ಗೆ ನೀವು ಕೇಳಿದ ಪ್ರಶ್ನೆಯಲ್ಲಿ ನೋವಿದೆ, ಅದು ನ್ಯಾಯವೂ ಹೌದು. ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ನಾಲ್ಕೂ ಸಂಸ್ಥೆಗಳ ಸದಸ್ಯರಾಗಿ ಮಾಹಿತಿ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು 2015ರಲ್ಲಿ ಆದೇಶಿಸಿದೆ, ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಊರೂರಿನಲ್ಲಿರುವ ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ, ಅವುಗಳ ವ್ಯವಹಾರ ಸಾಮಾನ್ಯವಾಗಿ ಈ ವರದಿಗಳನ್ನು ತಲುಪುವುದಿಲ್ಲ. ನಿಮ್ಮ ಹತ್ತು ವರ್ಷದ ಶಿಸ್ತು ಸಿಬಿಲ್‌ಗೆ ಗೊತ್ತೇ ಇಲ್ಲ, ಒಂದು ಕಾರ್ಡಿನ ತಪ್ಪು ಮಾತ್ರ ಗೊತ್ತಿದೆ. ಅಂಕಿಯನ್ನು ಅದು ಏರಿಸದಿದ್ದರೂ, ಸಂಘದಿಂದ ಸಾಲದ ಖಾತೆಯ ಪೂರ್ಣ ಉತಾರೆಯನ್ನು (ವ್ಯವಹಾರದ ಪ್ರತಿಯನ್ನು) ಮುದ್ರೆ ಸಮೇತ ಪಡೆದು ಅರ್ಜಿಯೊಂದಿಗೆ ಲಗತ್ತಿಸಿ. ಸಾಲಕ್ಕೆ ಕನಿಷ್ಠ ಇಷ್ಟು ಅಂಕಿ ಇರಲೇಬೇಕೆಂದು ರಿಸರ್ವ್ ಬ್ಯಾಂಕು ಗೊತ್ತುಪಡಿಸಿಲ್ಲ. ಅದು ಆಯಾ ಬ್ಯಾಂಕಿನ ಆಂತರಿಕ ನೀತಿ, ಆದ್ದರಿಂದ ಇಂಥ ಕಾಗದಗಳನ್ನು ಓದುವ ಅಧಿಕಾರಿಗೆ ಸ್ವಲ್ಪ ಜಾಗ ಇದ್ದೇ ಇರುತ್ತದೆ.

ಈಗ ನಿಮ್ಮ ಹಣದ ಲೆಕ್ಕ. ಜಾಮೀನಿಗೆ 45,000, ಕಾರ್ಡಿಗೆ 51,000, ಒಟ್ಟು 96,000. ಉಳಿಯುವ 24,000ದಲ್ಲಿ ದಂಡದ ಶುಲ್ಕಕ್ಕೆಂದು ಸ್ವಲ್ಪ ಬದಿಗಿಟ್ಟು, ಏಜೆಂಟರಿಗೆ ಹೋಗಬೇಕಿದ್ದ ಹಣದಲ್ಲಿ 15,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ಕೇಳಿ. ಠೇವಣಿಯೇ ಭದ್ರತೆಯಾದ್ದರಿಂದ ಅಂಕಿ ಕಡಿಮೆಯಿದ್ದರೂ ಅನೇಕ ಬ್ಯಾಂಕುಗಳು ಇದನ್ನು ಕೊಡುತ್ತವೆ. ಠೇವಣಿ ನಿಮ್ಮದೇ, ಬಡ್ಡಿಯೂ ಬರುತ್ತದೆ. ತಿಂಗಳಿಗೆ ಮೂರು ನಾಲ್ಕು ಸಾವಿರದವರೆಗೆ, ಅಂದರೆ ಕಾರ್ಡಿನ ಮಿತಿಯ ಮೂರನೆಯ ಒಂದು ಪಾಲು ದಾಟದಂತೆ, ಪೆಟ್ರೋಲು, ಕಿರಾಣಿ ಖರ್ಚಿಗೆ ಬಳಸಿ, ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನ ಮೊದಲೇ ಕಟ್ಟಿ. ಕನಿಷ್ಠ ಮೊತ್ತ ಮಾತ್ರ ಕಟ್ಟುವ ಚಾಳಿಯಿಂದಲೇ ಕಾರ್ಡುಗಳ ಸಾಲ ಬೆಳೆಯುವುದು. ಬಡ್ಡಿ ತಿಂಗಳಿಗೇ ಶೇಕಡಾ ಮೂರೂವರೆಯ ಆಸುಪಾಸಿನಲ್ಲಿ ಇರುತ್ತದೆ. ಬೇಡದ ಸಾಲ ತೆಗೆದು ಬಡ್ಡಿ ಕಟ್ಟಿ ಅಂಕಿ ಏರಿಸಿಕೊಳ್ಳಿ ಎಂದು ಕೆಲವರು ಹೇಳುವುದುಂಟು, ನನಗೆ ಅದು ಒಪ್ಪಿಗೆಯಿಲ್ಲ.

ಎಷ್ಟು ದಿನ ಬೇಕು? ಬೈಕಿನ ತಪ್ಪು ಒಂದೆರಡು ತಿಂಗಳಲ್ಲಿ ಹೋಗಬಹುದು, ಜಾಮೀನಿನ ಬಾಕಿ ತೀರಿದ ಸುದ್ದಿ ಮುಂದಿನ ಒಂದೆರಡು ಪಕ್ಷಗಳಲ್ಲಿ ವರದಿಗೆ ಬರಬೇಕು. ಆದರೆ ತಿಂಗಳವಾರು ಪಾವತಿಯ ಪಟ್ಟಿ 36 ತಿಂಗಳದ್ದು. ಆ ಐದು ತಿಂಗಳ ಗುರುತು ಅದರಲ್ಲಿ ಉಳಿದೇ ಇರುತ್ತದೆ, ಅದರ ಮೇಲೆ ಒಳ್ಳೆಯ ತಿಂಗಳುಗಳು ಕೂಡುತ್ತ ಹೋಗಬೇಕು. ಎಲ್ಲವನ್ನೂ ಕಟ್ಟಿದ ಮೇಲೆ ವರ್ಷದಿಂದ ಒಂದೂವರೆ ವರ್ಷದವರೆಗೆ ಒಂದು ಕಂತೂ ತಪ್ಪದಿದ್ದರೆ ಮಗ್ಗದ ಸಾಲದ ಮಾತನ್ನು ಧೈರ್ಯವಾಗಿ ಎತ್ತಬಹುದು ಎಂಬುದು ನನ್ನ ಅಂದಾಜು. ಅಂಕಿ ಇಂತಿಷ್ಟೇ ಆಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಗನ ಹೆಸರಿನ ಸಾಲದ ಬಗ್ಗೆ: ಅವನಿಗೆ ಈ ಹಿಂದೆ ಯಾವ ಸಾಲವೂ ಇಲ್ಲದಿದ್ದರೆ, ಸಾಲದ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಲುವು. ಹಾಗೆಂದು ದಾರಿ ಸಲೀಸಾಗಿಲ್ಲ. ಶೆಡ್ಡು, ಮೀಟರು, ಜಿಎಸ್‌ಟಿ ನೋಂದಣಿ ನಿಮ್ಮ ಹೆಸರಿನಲ್ಲಿದ್ದು ಸಾಲ ಮಾತ್ರ ಮಗನ ಹೆಸರಿನಲ್ಲಿ ಕೇಳಿದರೆ ಬ್ಯಾಂಕು ನಿಮ್ಮನ್ನು ಸಹ–ಸಾಲಗಾರನನ್ನಾಗಿಯೋ ಜಾಮೀನುದಾರನನ್ನಾಗಿಯೋ ಸೇರಿಸುತ್ತದೆ, ಆಗ ಮತ್ತೆ ಇದೇ 591 ಮೇಜಿನ ಮೇಲೆ ಬರುತ್ತದೆ. ವ್ಯಾಪಾರ ಕೈಕೊಟ್ಟ ವರ್ಷ ಅವನ ವರದಿಯೂ ಕೆಡುತ್ತದೆ. ಅವನು ನಿಜವಾಗಿ ಮಗ್ಗ ನಡೆಸುತ್ತಿದ್ದರೆ, ಅವನ ಹೆಸರಿನಲ್ಲೇ 'ಉದ್ಯಮ' ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ, ನೂಲು ಖರೀದಿ ಮತ್ತು ಸೀರೆ ಮಾರಾಟದ ಹಣ ಅವನ ಖಾತೆಯಲ್ಲೇ ನಡೆಯುವಂತೆ ಈಗಿನಿಂದಲೇ ವ್ಯವಸ್ಥೆ ಮಾಡಿ. ನಿಮ್ಮ ವರದಿ ಸರಿಹೋಗುವಷ್ಟರಲ್ಲಿ ಅವನ ಖಾತೆಯಲ್ಲೂ ವರ್ಷದ ವಹಿವಾಟು ಕಾಣುತ್ತದೆ. ಅರ್ಜಿ ಕೊಡುವಾಗ ಒಂದೇ ಬ್ಯಾಂಕಿಗೆ ಕೊಡಿ, ಮತ್ತು ಸಹಿ ಹಾಕುವ ಮುನ್ನವೇ ನಿಮ್ಮ ಹೊಸ ವರದಿ, ಕಾರ್ಡಿನ ಕ್ಲೋಸರ್ ಪತ್ರ, ಜಾಮೀನಿನ ಸಾಲದ ಇತ್ತೀಚಿನ ಲೆಕ್ಕ ಮತ್ತು ಪತ್ತಿನ ಸಂಘದ ಉತಾರೆಯನ್ನು ಶಾಖೆಯ ಮ್ಯಾನೇಜರ್‌ಗೆ ತೋರಿಸಿ ಅವರ ಅಭಿಪ್ರಾಯ ಕೇಳಿಕೊಳ್ಳಿ.